ಕ್ಲೇರ್ ಮೆಕಾರ್ಡೆಲ್ ಜೇಬು ನಮ್ಮ ಕುರ್ತಿಗೆ ಯಾಕೆ ಕೂರ್ತಿಲ್ಲ?

ಪ್ರಶ್ನೆ: ಮಂಡ್ಯಕತ್ತರಿ

ಮಂಡ್ಯದಲ್ಲಿ ಮೂರು ತಿಂಗಳ ಹೊಲಿಗೆ ತರಬೇತಿ ನಡೀತಿದೆ, 18 ಜನ ಹೆಣ್ಣುಮಕ್ಕಳು. ಬ್ಲೌಸು, ಚೂಡಿದಾರ, ನೈಟಿ ಎಲ್ಲ ಮುಗಿದಿದೆ. ಕೊನೇ ಎರಡು ವಾರ ಒಬ್ಬ ಡಿಸೈನರನ್ನ ಹಿಡ್ಕೊಂಡು ಅವರ ಕೆಲಸದ ಜಾಡಿನಲ್ಲಿ ಮೂರು ಉಡುಪು ಹೊಲಿಸೋದು ಅಂತ ಲೆಕ್ಕ. ಒಂದು ಫೋಟೋ ತೋರಿಸಿ ‘ಮಹಿಳೆಯರ ಆತ್ಮವಿಶ್ವಾಸ ಹೆಚ್ಚಿಸಿದರು’ ಅಂತ ಬೋರ್ಡ್ ಮೇಲೆ ಬರೆದು ಮುಗಿಸೋ ಪಾಠ ಬೇಡ. ಆ ಆತ್ಮವಿಶ್ವಾಸ ಬಟ್ಟೆಯಲ್ಲಿ ಎಲ್ಲಿದೆ, ಯಾವ ಹೊಲಿಗೆಯಲ್ಲಿದೆ ಅಂತ ಬೆರಳಿಟ್ಟು ತೋರಿಸಬೇಕು. ಅದಕ್ಕೇ ಕ್ಲೇರ್ ಮೆಕಾರ್ಡೆಲ್ ಅನ್ನೋ ಅಮೆರಿಕದವಳನ್ನ ಆರಿಸಿದೀನಿ. ಪ್ಯಾರಿಸ್ಸಿನ ಡಿಸೈನರ್ ಶನೆಲ್ ತಗೊಳ್ಳಿ ಅನ್ನೋರೂ ಇದಾರೆ.

ಅವಳ ಉಡುಪಿನ ಗುರುತು ಅಂದರೆ ದೊಡ್ಡ ಜೇಬು, ಸುತ್ತಿ ಕಟ್ಟೋ ಮುಂಭಾಗ. ಅವನ್ನೇ ಹೊಲಿಸೋಕೆ ಹೋದಾಗ ತೊಡಕು ಇಷ್ಟು. ರೇಯಾನ್ ಕುರ್ತಿಗೆ ಸೈಡ್ ಹೊಲಿಗೆಯಲ್ಲಿ ಜೇಬು ಇಟ್ಟರೆ ಮೊಬೈಲ್ ಹಾಕಿದ ತಕ್ಷಣ ಜೋಲುತ್ತೆ, ಎರಡು ಒಗೆತಕ್ಕೆ ಜೇಬಿನ ಬಾಯಿ ಬಿಟ್ಕೊಳ್ಳುತ್ತೆ, ಸ್ಲಿಟ್ಟಿನಲ್ಲಿ ಚೀಲ ಇಣುಕುತ್ತೆ. ಸುತ್ತಿ ಕಟ್ಟೋ ಡ್ರೆಸ್ಸಿನ ಮಾದರಿ ಎದೆ ಹತ್ತಿರ ಬಾಯ್ಬಿಡುತ್ತೆ, ಸ್ಕೂಟಿ ಮೇಲೆ ಕೂತರೆ ತೊಡೆ ಮೇಲೆ ತೆರ್ಕೊಳ್ಳುತ್ತೆ. ಮೂರನೇ ಉಡುಪು ಯಾವುದು ಅಂತ ಇನ್ನೂ ತೀರ್ಮಾನ ಆಗಿಲ್ಲ. ಬಜೆಟ್ಟು ತಲೆಗೆ ಐದು ಮೀಟರ್ ಬಟ್ಟೆ ಮಾತ್ರ.

ಉತ್ತರ: ಹಳೇಪ್ಯಾಟ್ರನ್

ಆಯ್ಕೆ ಸರಿ ಇದೆ, ಬದಲಾಯಿಸಬೇಡಿ. ಪಾಠಕ್ಕೆ ಬೇಕಾದಷ್ಟು ಹಿನ್ನೆಲೆ ಹೇಳ್ತೀನಿ.

1905ರಲ್ಲಿ ಮೇರಿಲ್ಯಾಂಡ್ ರಾಜ್ಯದ ಫ್ರೆಡ್ರಿಕ್ ಊರಿನಲ್ಲಿ ಹುಟ್ಟಿದಳು, 1958ರಲ್ಲಿ ತೀರಿಕೊಂಡಳು. ವಿದ್ಯಾರ್ಥಿನಿಯಾಗಿ ಪ್ಯಾರಿಸ್ಸಿನಲ್ಲಿದ್ದಾಗ ಅಲ್ಲಿನ ಡಿಸೈನರ್ ಮೇಡ್ಲೀನ್ ವಿಯೊನೆಯ ಉಡುಪುಗಳನ್ನು ಕೊಂಡು, ಹೊಲಿಗೆ ಬಿಚ್ಚಿ, ಓರೆ ಕಟಿಂಗ್ (ನೂಲಿನ ನೇರಕ್ಕಲ್ಲದೆ ಮೂಲೆಯಿಂದ ಮೂಲೆಗೆ ಕತ್ತರಿಸೋದು) ಹೇಗೆ ನಿಲ್ಲುತ್ತೆ ಅಂತ ಕಲಿತಳು. ನಿಮ್ಮ ಮಕ್ಕಳಿಗೂ ಮೊದಲ ದಿನ ಇದನ್ನೇ ಮಾಡಿಸಬಹುದು: ಒಂದು ಹಳೇ ಗಂಡಸರ ಶರ್ಟು ಕೊಟ್ಟು ಪೂರ್ತಿ ಬಿಚ್ಚಿಸಿ. ಹೇಳಿಕೊಡೋದಕ್ಕಿಂತ ಬೇಗ ಕಲೀತಾರೆ.

1938ರಲ್ಲಿ ಅವಳ ‘ಮೊನಾಸ್ಟಿಕ್’ ಉಡುಪು ಬಂತು. ಅದಕ್ಕೆ ಸೊಂಟದ ಹೊಲಿಗೆಯೇ ಇಲ್ಲ. ಗುಡಾರದ ಥರ ಭುಜದಿಂದ ಇಳಿಬೀಳುತ್ತೆ, ಬೆಲ್ಟು ಎಲ್ಲಿ ಕಟ್ಟಿದರೆ ಅಲ್ಲೇ ಸೊಂಟ. ಅಂದರೆ ಸೊಂಟ ಎಲ್ಲಿರಬೇಕು ಅಂತ ತೀರ್ಮಾನ ಮಾಡೋದು ತೊಟ್ಟವಳು, ದರ್ಜಿ ಅಲ್ಲ. ಜನ ಎಷ್ಟು ನಕಲು ಮಾಡಿದರು ಅಂದರೆ, ನಕಲಿನವರ ಮೇಲೆ ಕೇಸು ನಡೆಸಿ ನಡೆಸಿ ಅವಳಿದ್ದ ಟೌನ್ಲಿ ಕಂಪನಿಯೇ ಬಾಗಿಲು ಹಾಕಬೇಕಾಯ್ತು. 1940ರಲ್ಲಿ ಮತ್ತೆ ತೆರೆದಾಗ ಲೇಬಲ್ ಮೇಲೆ ಅವಳ ಹೆಸರೂ ಬಂತು. ಆ ಕಾಲದ ಅಮೆರಿಕದಲ್ಲಿ ಹೊಲಿಗೆ ಕಂಪನಿಯ ಹಿಂದಿನ ಕೋಣೆಯಲ್ಲಿ ಕೂತು ಕೆಲಸ ಮಾಡೋ ಡಿಸೈನರ್ ಹೆಸರು ಹೊರಗೆ ಬರೋದು ಅಪರೂಪ.

1942ರದ್ದು ‘ಪಾಪ್‌ಓವರ್’. ಯುದ್ಧದ ಕಾಲ, ಮನೆಗೆಲಸದವರು ಕಾರ್ಖಾನೆ ಸೇರಿಬಿಟ್ಟಿದ್ದರು. ಮನೆ ಒಡತಿಯೇ ಅಡಿಗೆ ಮಾಡಬೇಕು, ಬಾಗಿಲಿಗೆ ನೆಂಟರು ಬಂದರೆ ನಾಚದೆ ನಿಲ್ಲೋ ಹಾಗೂ ಇರಬೇಕು. ಡೆನಿಮ್ ಬಟ್ಟೆ, ಸುತ್ತಿ ಕಟ್ಟೋ ಮುಂಭಾಗ, ದೊಡ್ಡದೊಂದು ಮೇಲು ಜೇಬು, ಜೊತೆಗೆ ಬಿಸಿ ಪಾತ್ರೆ ಹಿಡಿಯೋ ಕೈಗವಸು. ಬೆಲೆ 6 ಡಾಲರ್ 95 ಸೆಂಟು. ಕೆಲಸದ ಉಡುಪು ಅನ್ನೋ ವರ್ಗಕ್ಕೆ ಸೇರಿದ್ದರಿಂದ ಅಷ್ಟು ಕಡಿಮೆಗೆ ಮಾರಲು ಆಯ್ತು.

ಅವಳ ಕೈಗುರುತು ನಾಲ್ಕೈದು ಕಡೆ ಸಿಗುತ್ತೆ. ಕೈ ಪೂರಾ ಮುಳುಗೋ ಜೇಬು, ಬೆನ್ನಿಗೆ ಬದಲು ಪಕ್ಕದಲ್ಲಿ ಜಿಪ್ಪು ಅಥವಾ ಹುಕ್ಕು, ಎಳೆದು ಕಟ್ಟೋ ದಾರ, ಕಾರ್ಮಿಕರ ಬಟ್ಟೆಯಿಂದ ತಂದ ಜೋಡಿ ಹೊಲಿಗೆ, ಮುಚ್ಚಿಡದೆ ಕಾಣೋ ಹಾಗೇ ಬಿಟ್ಟ ಹಿತ್ತಾಳೆ ಹುಕ್ಕು. ಇದರಲ್ಲಿ ಒಂದೂ ಅಲಂಕಾರಕ್ಕೆ ಇಟ್ಟದ್ದಲ್ಲ. ಬೆನ್ನಿನ ಜಿಪ್ಪು ಎಳೆಯೋಕೆ ಇನ್ನೊಬ್ಬರು ಬೇಕು, ಪಕ್ಕದ ಜಿಪ್ಪಿಗೆ ಬೇಡ. ‘ಸ್ವಾವಲಂಬನೆ’ ಅಂತ ಬೋರ್ಡ್ ಮೇಲೆ ಬರೆಯೋ ಬದಲು ಇಬ್ಬರು ಹುಡುಗಿಯರಿಗೆ ಒಂದೊಂದು ಉಡುಪು ಕೊಟ್ಟು ಒಬ್ಬೊಬ್ಬರೇ ತೊಟ್ಟುಬನ್ನಿ ಅಂತ ಕಳಿಸಿ. ಯಾರು ಬಾಗಿಲ ಸಂದಿಯಿಂದ ‘ಅಕ್ಕಾ ಸ್ವಲ್ಪ ಜಿಪ್ ಹಾಕ್ತೀರಾ’ ಅಂತ ಕೂಗ್ತಾರೆ ನೋಡಿ.

ಉತ್ತರ: ಶಿವರಾಂಪೇಟೆ ಕಟಿಂಗ್

ಜೇಬಿನ ವಿಷಯ. ತಪ್ಪು ಜೇಬಿನದಲ್ಲ, ಭಾರ ಎಲ್ಲಿಗೆ ಹೋಗ್ತಿದೆ ಅನ್ನೋದರದ್ದು. ಈಗಿನ ಮೊಬೈಲು ಕವರ್ ಸಮೇತ 200 ಗ್ರಾಂ ದಾಟುತ್ತೆ. ಪ್ಯಾಂಟಿನಲ್ಲಿ ಆ ಭಾರ ಸೊಂಟಪಟ್ಟಿಗೆ ಹೋಗುತ್ತೆ. ಕುರ್ತಿಗೆ ಸೊಂಟಪಟ್ಟಿ ಇಲ್ಲ, ಇಡೀ ಭಾರ ಸೈಡ್ ಹೊಲಿಗೆಯ ಒಂದು ಗೇಣು ಜಾಗಕ್ಕೆ ನೇತಾಡುತ್ತೆ. ರೇಯಾನ್ ಅಂತೂ ನೆಂದಾಗ ಬಲ ಕಳ್ಕೊಳ್ಳೋ ನೂಲು, ಒದ್ದೆ ಬಟ್ಟೆನ ತಂತಿ ಮೇಲೆ ನೇತುಹಾಕಿದಾಗಲೇ ಬಾಯಿ ಎಳೆದುಹೋಗುತ್ತೆ.

ಆದ್ದರಿಂದ ಅರ್ಧ ಇಂಚಿನ ಕಾಟನ್ ಟೇಪು ತಗೊಂಡು ಮುಂಭಾಗದ ಸೈಡ್ ಹೊಲಿಗೆ ಗೆರೆ ಮೇಲೆ ಕಂಕುಳಿಂದ ಹಿಡಿದು ಜೇಬಿನ ಬಾಯಿಯ ಕೆಳತುದಿ ದಾಟಿ ಒಂದಿಂಚಿನ ತನಕ ಕೂರಿಸಿ. ಭಾರ ಕಂಕುಳ ಹೊಲಿಗೆಗೆ ಏರುತ್ತೆ. ಟೇಪು ಇಲ್ಲದಿದ್ದರೆ ಬಟ್ಟೆಯ ಅಂಚಿನ ಗಟ್ಟಿ ಪಟ್ಟಿ ಕತ್ತರಿಸಿಕೊಂಡರೂ ಆಯ್ತು. ಟೇಪನ್ನ ಮೊದಲು ನೀರಿಗೆ ಹಾಕಿ ಒಣಗಿಸಿರಬೇಕು. ಇಲ್ಲಾಂದ್ರೆ ಒಗೆದ ಮೇಲೆ ಅದು ಕುಗ್ಗಿ ಸೈಡೆಲ್ಲ ನೆರಿಗೆ ಬೀಳುತ್ತೆ. ತುಂಬಾ ಜನ ಬಟ್ಟೆ ನೆನೆಸ್ತಾರೆ, ಟೇಪು, ಜೇಬಿನ ಬಟ್ಟೆ ಮರೀತಾರೆ.

ಅಳತೆ 36 ಎದೆ, 42 ಇಂಚು ಉದ್ದದ ಕುರ್ತಿಗೆ ಹೇಳ್ತೀನಿ. ಭುಜದಿಂದ ಸೊಂಟ 14 ಮುಕ್ಕಾಲು. ಜೇಬಿನ ಬಾಯಿ 16ಕ್ಕೆ ಶುರು, 22ಕ್ಕೆ ಕೊನೆ, ಅಂದರೆ ಆರು ಇಂಚು. ಕೈ ಅಗಲ ಇರೋರಿಗೆ ಆರೂವರೆ. ನೀವು ಸ್ಲಿಟ್ಟನ್ನು 22ಕ್ಕೇ ಬಿಡ್ತಿದ್ದೀರಿ ಅನ್ಸುತ್ತೆ. ಅದನ್ನ 23 ಮುಕ್ಕಾಲಿಗೆ ಇಳಿಸಿ, ಹಿಪ್ಪಿನಲ್ಲಿ ಲೂಸು ನಾಲ್ಕು ಇಂಚು ಇಡಿ, ಇಲ್ಲಾಂದ್ರೆ ಬಸ್ ಮೆಟ್ಟಿಲು ಹತ್ತುವಾಗ ಹಿಡಿಯುತ್ತೆ. ಚೀಲದ ಆಳ ಬಾಯಿಯ ಮೇಲ್ತುದಿಯಿಂದ 11 ಇಂಚು, ಅಗಲ ಆರೂವರೆ. ಬಾಯಿಯ ಕೆಳಗೆ ಕಡಿಮೆ ಅಂದರೂ ನಾಲ್ಕೂವರೆ ಇಂಚು ಚೀಲ ಇರಲೇಬೇಕು. ಕೂತಾಗ ಜೇಬು ಅಡ್ಡ ಮಲಗುತ್ತೆ, ಆಳ ಇಲ್ಲದಿದ್ದರೆ ಫೋನು ಜಾರಿ ಸೀಟಿನ ಸಂದಿಗೆ.

ಚೀಲ ಇಣುಕೋದಕ್ಕೆ ಕಾರಣ, ಅದರ ಕೆಳಭಾಗ ಸ್ಲಿಟ್ಟಿನ ಅಂಚಿಗೇ ಬಂದು ನಿಂತಿರೋದು. ಬಾಯಿ ಮುಗಿದ ಜಾಗದಿಂದ ಚೀಲವನ್ನ ಹೊಟ್ಟೆ ಕಡೆಗೆ ಬಾಗಿಸಿ ಕತ್ತರಿಸಿ, ಸೈಡಿನಿಂದ ಒಂದೂವರೆ ಇಂಚು ದೂರಕ್ಕೆ. ಮಾವಿನಕಾಯಿ ಆಕಾರ ಬರುತ್ತೆ, ಅದೇ ಸರಿ. ಬಾಯಿ ಹತ್ತಿರ ಎರಡು ಇಂಚು ಕುರ್ತಿ ಬಟ್ಟೆಯದೇ ಪಟ್ಟಿ ಹಾಕಿ, ಚೀಲ ಬೇರೆ ಬಣ್ಣದ್ದಾದರೂ ಕಾಣಲ್ಲ. ಚೀಲಕ್ಕೆ ಪಾಪ್ಲಿನ್ ಹಾಕಿ. ಸ್ಯಾಟಿನ್ ಲೈನಿಂಗ್ ಹಾಕಿದರೆ ಫೋನು ಸೋಪಿನ ಥರ ಜಾರುತ್ತೆ. 36 ಇಂಚು ಅಗಲದ ಪಾಪ್ಲಿನ್ 35 ಸೆಂಟಿಮೀಟರ್ ತಗೊಂಡರೆ ನಾಲ್ಕು ತುಂಡು ಬರುತ್ತೆ, ಎರಡು ಜೇಬು.

ಹೊಲಿಯುವಾಗ ಚೀಲ ಜೋಡಿಸಿದ ಮೇಲೆ ಬಾಯಿಯ ಎರಡೂ ತುದಿಯಲ್ಲಿ ಹಿಂಭಾಗದ ಮಾರ್ಜಿನ್ ಮಾತ್ರ ಕತ್ತರಿಸಿ, ಹೊಲಿಗೆಗೆ ಎರಡು ಎಳೆ ಬಿಟ್ಟು ನಿಲ್ಲಿಸಿ. ಮುಂಭಾಗದ್ದು ಮುಟ್ಟಬೇಡಿ. ಆಮೇಲೆ ತುದಿಗಳಲ್ಲಿ ಅಡ್ಡಕ್ಕೆ ಕಾಲಿಂಚು ಹಿಂದೆ ಮುಂದೆ ನಾಲ್ಕು ಸಲ ಹೊಲಿಗೆ. ಈ ಲಾಕು ಬಿಟ್ಟರೆ ಮೊದಲು ಹರಿಯೋದು ಅಲ್ಲೇ. ರೇಯಾನಿಗೆ 11ರ ಸೂಜಿ, ಎರಡೂವರೆ ಮಿಲಿಮೀಟರ್ ಹೊಲಿಗೆ. 16ರ ಸೂಜಿ ಹಾಕಿ ಬಟ್ಟೆ ತೂತು ಮಾಡಿ, ಕೊನೆಗೆ ಬಟ್ಟೆಯವನಿಗೆ ಬಯ್ಯೋದು ನಮ್ಮಲ್ಲಿ ಮಾಮೂಲು.

ಇನ್ನೊಂದು ಮಾತು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳು ಗುರುತಿನ ಚೀಟಿ ತೋರಿಸಿ ಝೀರೋ ಟಿಕೆಟ್ ತಗೋತಾರೆ. ರಶ್ಶಿನಲ್ಲಿ ಒಂದು ಕೈ ಕಂಬಿಗೆ, ಇನ್ನೊಂದು ಕೈ ವ್ಯಾನಿಟಿ ಬ್ಯಾಗಿನ ಮೂರು ಜಿಪ್ಪಿಗೆ. ಬಲಗಡೆ ಚೀಲದೊಳಗೆ, ಬಾಯಿಂದ ಎರಡಿಂಚು ಕೆಳಗೆ, ಮೂರು ಇಂಚು ಅಗಲ ಮೂರು ಮುಕ್ಕಾಲು ಇಂಚು ಎತ್ತರದ ಪುಟ್ಟ ಜೇಬು ಹೊಲಿದುಬಿಡಿ. ಕಾರ್ಡಿನ ಗಿಡ್ಡ ಬದಿ ಎರಡು ಇಂಚಿಗೆ ಸ್ವಲ್ಪ ಮೇಲೆ, ಉದ್ದ ಮೂರೂವರೆಗೆ ಸ್ವಲ್ಪ ಕಮ್ಮಿ. ನೆಟ್ಟಗೆ ನಿಲ್ಲುತ್ತೆ, ಹೆಬ್ಬೆರಳಲ್ಲಿ ಎಳೆದರೆ ಕೈಗೆ ಬರುತ್ತೆ.

ಉತ್ತರ: ಓರೆನೂಲು

ಸುತ್ತು ಡ್ರೆಸ್ಸಿನ ಎದೆ ಬಾಯ್ಬಿಡೋದು ಕಟಿಂಗ್ ಟೇಬಲ್ ಮೇಲೇ ಆಗೋ ತಪ್ಪು. ಭುಜದಿಂದ ಸೊಂಟಕ್ಕೆ ಇಳಿಯೋ ಆ ಓರೆ ಅಂಚು ಬರೀ ಕೈ ತಾಗಿದರೇ ಬೆಳೆಯುತ್ತೆ. ಕತ್ತರಿಸಿದ ತುಂಡನ್ನ ಎತ್ತಿ ಹ್ಯಾಂಗರಿಗೆ ಹಾಕಿ ಊಟಕ್ಕೆ ಹೋದರೆ ಬರೋಷ್ಟರಲ್ಲಿ ಅರ್ಧ ಇಂಚು ಹೋಗಿರುತ್ತೆ. ಕತ್ತರಿಸಿದ ಕೂಡಲೇ, ಟೇಬಲ್ಲಿಂದ ಎತ್ತೋ ಮುಂಚೆ, ಪೇಪರ್ ಪ್ಯಾಟ್ರನ್ ಮೇಲಿನ ಅಂಚನ್ನ ಅಳೆದು ಅದಕ್ಕಿಂತ ಅರ್ಧ ಇಂಚು ಕಮ್ಮಿ ಉದ್ದದ ಪಟ್ಟಿ ಕೂರಿಸಿ. ಅಂಚು 20 ಇಂಚಾದರೆ ಪಟ್ಟಿ 19 ಅರ್ಧ. ಪಟ್ಟಿ ಉದ್ದ ನೂಲಿನದ್ದು, ಅಂದರೆ ಬಟ್ಟೆಯ ಉದ್ದಕ್ಕೇ ಕತ್ತರಿಸಿದ್ದು, ಕಾಲಿಂಚು ಅಗಲ. ಓರೆಗೆ ಕತ್ತರಿಸಿದ ಕ್ರಾಸ್ ಪಟ್ಟಿ ಹಾಕಿದರೆ ಅದೂ ಜೊತೆಗೆ ಬೆಳೆಯುತ್ತೆ, ಹಾಕಿ ಪ್ರಯೋಜನ ಇಲ್ಲ. ಆ ಅರ್ಧ ಇಂಚಿನ ಸುಕ್ಕು ಪೂರ್ತಿ ಎದೆಯ ಉಬ್ಬಿನ ಎದುರಿಗೆ ನಾಲ್ಕಿಂಚು ಜಾಗದಲ್ಲಿ ಮುಗಿಯಬೇಕು. ಭುಜದ ಹತ್ತಿರ ಬಂದರೆ ಕತ್ತು ಗುಳಿ ಬೀಳುತ್ತೆ.

ಸ್ಕೂಟಿ ತೊಂದರೆಗೆ ಲೆಕ್ಕ ಬೇರೆ. ನಿಂತಾಗಿನ ಹಿಪ್ಪು 38 ಇದ್ದರೆ ಕೂತಾಗ ಎರಡು ಇಂಚು ಹೆಚ್ಚಾಗುತ್ತೆ, ಜೊತೆಗೆ ಮಂಡಿ ಅಗಲ. ಸೊಂಟದಲ್ಲಿ ಒಂದರ ಮೇಲೊಂದು ಕೂರೋ ಭಾಗ 10 ಇಂಚಿಗಿಂತ ಕಮ್ಮಿ ಇರಬಾರದು, ಕೆಳ ಅಂಚಿನಲ್ಲಿ 16 ಇರಲಿ. ಅಷ್ಟಾದರೂ ಗಾಳಿಗೆ ಏಳುತ್ತೆ, ಸೊಂಟದಿಂದ ಎಂಟು ಇಂಚು ಕೆಳಗೆ ಒಳಗಡೆ ಒಂದು ಟಿಚ್ ಬಟನ್. ಎರಡು ಹಾಕಬೇಡಿ, ಎರಡನೇದು ಕಾಲು ಅಗಲಿಸಿದಾಗ ಬಟ್ಟೆಯನ್ನೇ ಕಿತ್ತುಕೊಂಡು ಬರುತ್ತೆ.

ಒಳಗಿನ ಲಾಡಿ ಮರೆಯಬೇಡಿ. ಸೈಡ್ ಹೊಲಿಗೆಯಲ್ಲಿ ಸೊಂಟದ ಹತ್ತಿರ ಒಂದೂಕಾಲು ಇಂಚು ಬಿಟ್ಟು ಹೊಲಿದು ಎರಡೂ ತುದಿಗೆ ಲಾಕ್ ಹಾಕಿ, ಲಾಡಿ ಅಲ್ಲಿಂದ ಹೊರಗೆ ಬಂದು ಬೆನ್ನ ಸುತ್ತಿ ಮುಂದೆ ಗಂಟು. ಆ ಸಂದಿ ಸೊಂಟಕ್ಕಿಂತ ಅರ್ಧ ಇಂಚು ಕೆಳಗಿದ್ದರೂ ಡ್ರೆಸ್ಸು ಇಡೀ ಮುಂದಕ್ಕೆ ಎಳೆಯುತ್ತೆ.

ಮಂಡಿ ಕೆಳಗಿನ ಉದ್ದ, ಗಿಡ್ಡ ತೋಳು, 44 ಇಂಚು ಅಗಲದ ಬಟ್ಟೆ ಮೂರೂವರೆ ಮೀಟರ್ ಬೇಕು. ಕಾಟನ್ ನೂರಕ್ಕೆ ನಾಲ್ಕು ಕುಗ್ಗಿದರೂ 14 ಸೆಂಟಿಮೀಟರ್ ಹೋಯ್ತು, ಅದಕ್ಕೇ ಮೊದಲೇ ಎರಡು ಗಂಟೆ ನೆನೆಸಿ. ಮೊದಲ ಮಾದರಿ ಕೋರಾ ಬಟ್ಟೆಯಲ್ಲೇ ಆಗಲಿ. ಮೈಸೂರಿನ ಅಶೋಕ ರಸ್ತೆ, ದೇವರಾಜ ಅರಸು ರಸ್ತೆಯಲ್ಲಿ ಜಾರ್ಜೆಟ್ ಕಂಡು ಮರುಳಾಗಬೇಡಿ. ಮೈಸೂರು ಸಿಲ್ಕಿನ ಹಳೇ ಸೀರೆ ಕತ್ತರಿಸಿ ಇದನ್ನ ಹೊಲಿಯೋಣ ಅನ್ನೋರೂ ಸಿಗ್ತಾರೆ. ಅದು ಹುರಿ ಹಾಕಿದ ಕ್ರೇಪ್ ನೂಲು, ಓರೆಯಲ್ಲಿ ಕಲಿಯೋರ ಕೈಗೆ ನಿಲ್ಲಲ್ಲ, ಸೀರೆಯೂ ಹೋಯ್ತು.

ಜೋಡಿ ಹೊಲಿಗೆ ಹಾಕಿಸೋದಾದರೆ ಎರಡು ಸಾಲಿನ ನಡುವೆ ಕಾಲಿಂಚು, ಹೊಲಿಗೆ ಉದ್ದ ಮೂರೂವರೆ ಮಿಲಿಮೀಟರ್. ಎರಡೂ ಸಾಲು ಒಂದೇ ದಿಕ್ಕಿಗೆ ಓಡಿಸಿ. ಒಂದು ಮೇಲಿಂದ, ಒಂದು ಕೆಳಗಿಂದ ಹೊಲಿದರೆ ನಡುವಿನ ಬಟ್ಟೆ ಹಗ್ಗದ ಥರ ತಿರುಚುತ್ತೆ.

ಉತ್ತರ: ಕರಿನೂಲು

ಶನೆಲ್ ಹೆಸರು ಬಿಟ್ಟು ಈ ಪಾಠ ಹೇಗಾಗುತ್ತೆ? ಗಂಡಸರ ಬನಿಯನ್ನಿಗೆ ಬಳಸ್ತಿದ್ದ, ಎಳೆದರೆ ಹಿಗ್ಗೋ ಜೆರ್ಸಿ ಬಟ್ಟೆಯಲ್ಲಿ 1916ರ ಹೊತ್ತಿಗೇ ಹೆಂಗಸರ ಉಡುಪು ಮಾಡಿದವಳು. 1926ರ ಪುಟ್ಟ ಕಪ್ಪು ಉಡುಪನ್ನ ವೋಗ್ ಪತ್ರಿಕೆ ಫೋರ್ಡ್ ಕಾರಿಗೆ ಹೋಲಿಸಿತ್ತು. 1955ರ ಫೆಬ್ರವರಿಯಲ್ಲಿ ಹೆಗಲಿಗೆ ಹಾಕೋ ಸರಪಳಿ ಬ್ಯಾಗು ತಂದು ಎರಡೂ ಕೈ ಬಿಡುಗಡೆ ಮಾಡಿದಳು. ಅವಳ ಜಾಕೆಟ್ಟಿನ ಜೇಬೂ ನಿಜವಾದ ಜೇಬೇ. ಕೆಳ ಅಂಚಿನೊಳಗೆ ಹಿತ್ತಾಳೆ ಸರಪಳಿ ಹೊಲಿದಿರ್ತಾರೆ, ಕೈ ಎತ್ತಿ ಇಳಿಸಿದರೂ ಜಾಕೆಟ್ಟು ತನ್ನ ಜಾಗಕ್ಕೆ ಬಂದು ನಿಲ್ಲಲಿ ಅಂತ.

ಉತ್ತರ: ಹಳೇಪ್ಯಾಟ್ರನ್

@ಕರಿನೂಲು ಹೇಳಿದ್ದೆಲ್ಲ ಸರಿ, ಜೆರ್ಸಿಯ ಮಾತಂತೂ ಪಾಠದಲ್ಲಿ ಬರಲೇಬೇಕು. ಆದರೆ ‘ಕಾರ್ಸೆಟ್ಟಿನಿಂದ (ಸೊಂಟ ಬಿಗಿಯೋ ಒಳಕವಚ) ಹೆಣ್ಣನ್ನು ಬಿಡಿಸಿದವಳು ಶನೆಲ್’ ಅಂತ ಮಾತ್ರ ಬರೆಸಬೇಡಿ. ಅವಳ ಹೆಸರು ಕೇಳೋ ಮುಂಚೆ, 1900ರ ದಶಕದಲ್ಲೇ, ಪ್ಯಾರಿಸ್ಸಿನ ಡಿಸೈನರ್ ಪಾಲ್ ಪ್ವಾರೆ ಕಾರ್ಸೆಟ್ ಬಿಟ್ಟು ಉಡುಪು ಮಾಡಿದ್ದ, ವಿಯೊನೆಯೂ ಅದೇ ದಾರಿಯಲ್ಲಿದ್ದಳು. ಇನ್ನೊಂದು, 1941ರಲ್ಲಿ ನಾಜಿಗಳ ಕಾನೂನು ಹಿಡ್ಕೊಂಡು ಯಹೂದಿ ಪಾಲುದಾರರಿಂದ ಸುಗಂಧದ ಕಂಪನಿ ಕಿತ್ಕೊಳ್ಳೋಕೆ ಹೊರಟವಳೂ ಅವಳೇ. ಸ್ವಾತಂತ್ರ್ಯದ ಪಾಠದಲ್ಲಿ ಅವಳ ಫೋಟೋ ಹಾಕಿದರೆ ಇದನ್ನೂ ಹೇಳಬೇಕಾಗುತ್ತೆ.

ನನ್ನ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಬೆಲೆಯದ್ದು. ಶನೆಲ್ ಉಡುಪು ಒಬ್ಬೊಬ್ಬ ಗಿರಾಕಿಗೆ ಅಳತೆ ತೆಗೆದು ಹೊಲಿದದ್ದು. ಮೆಕಾರ್ಡೆಲ್ ಹೊಲಿಸಿದ್ದು ಕಾರ್ಖಾನೆಯಲ್ಲಿ, ಅಂಗಡಿ ಹ್ಯಾಂಗರಿಗೆ. ಲಾಡಿ, ಬೆಲ್ಟು, ಸುತ್ತು ಇವೆಲ್ಲ ಯಾಕೆ ಅಂದರೆ ಒಂದೇ ಅಳತೆಯ ಉಡುಪು ಹತ್ತು ಮೈಗೆ ಹೊಂದಬೇಕಿತ್ತು. ನಿಮ್ಮ 18 ಜನರಲ್ಲಿ ಗಾರ್ಮೆಂಟ್ಸಿಗೆ ಹೋಗೋರು ಎಷ್ಟೋ ಇರ್ತಾರೆ, ಅವರಿಗೆ ಹತ್ತಿರದ ಲೆಕ್ಕ ಇದು.

ಉತ್ತರ: ಸೋಗೆಗೀರು

ಮೂರನೇ ಉಡುಪು ಹೊರಗೆ ಹುಡುಕ್ತಿದ್ದೀರಿ, ಮಂಡ್ಯದ ಗದ್ದೆ ಬದುವಿನಲ್ಲೇ ನಿಂತಿದೆ. ಕಬ್ಬಿನ ಕೆಲಸಕ್ಕೆ ಹೋಗೋ ಹೆಂಗಸರು ಸೀರೆ ಮೇಲೆ ಗಂಡನದ್ದೋ ಮಗನದ್ದೋ ತುಂಬು ತೋಳಿನ ಶರ್ಟು ಹಾಕೋತಾರಲ್ಲ, ಅದು. ಕಬ್ಬಿನ ಗರಿಯ ಅಂಚು ಸಣ್ಣ ಗರಗಸ, ಬರೀ ಕೈಯಲ್ಲಿ ಒಂದು ಸಾಲು ನಡೆದರೆ ಗೊತ್ತಾಗುತ್ತೆ. ಮೆಕಾರ್ಡೆಲ್ ಕೂಡ ಗಂಡಸರ ಕೆಲಸದ ಬಟ್ಟೆಯಿಂದಲೇ ಜೇಬು, ಜೋಡಿ ಹೊಲಿಗೆ ಎತ್ಕೊಂಡದ್ದು. ವ್ಯತ್ಯಾಸ ಇಷ್ಟೇ, ಅವಳು ಹೆಣ್ಣಿನ ಮೈಗೆ ಮತ್ತೆ ಕತ್ತರಿಸಿದಳು. ನಮ್ಮಲ್ಲಿ ಹಳೇದನ್ನ ಹಾಗೇ ಹಾಕೋತಾರೆ.

ಹಾಗೇ ಹಾಕ್ಕೊಂಡಾಗ ಭುಜ ಇಳಿದು ತೋಳಿಗೆ ಬರುತ್ತೆ, ಕೈ ಎತ್ತಿದರೆ ಇಡೀ ಶರ್ಟು ಮೇಲೇಳುತ್ತೆ, ಬಗ್ಗಿದರೆ ಎದೆ ಜೇಬಿನಿಂದ ಫೋನು ಕೆಸರಿಗೆ. ಸರಿ ಮಾಡೋದು ಹೀಗೆ. ತೋಳಿನ ತಲೆ (ಭುಜಕ್ಕೆ ಕೂಡೋ ಮೇಲಿನ ಉಬ್ಬು) ಎತ್ತರ ಐದೂವರೆ ಇಂಚು ಇಡೋ ಕಡೆ ಮೂರೂವರೆ ಇಡಿ, ತೋಳು ಅಗಲ ಆಗುತ್ತೆ, ಕೈ ಎತ್ತಿದರೆ ಶರ್ಟು ಜೊತೆಗೆ ಬರಲ್ಲ. ಕಂಕುಳಲ್ಲಿ ನಾಲ್ಕಿಂಚಿನ ಚೌಕ ತುಂಡು. ಬೆನ್ನಿಗೆ ಯೋಕ್ (ಭುಜದ ಕೆಳಗಿನ ಅಡ್ಡ ತುಂಡು) ಹಾಕಿ, ಎರಡೂ ಭುಜದೆಲುಬಿನ ನೇರಕ್ಕೆ ಒಂದೊಂದು ಇಂಚು ಪ್ಲೀಟು. ಎದೆ ಜೇಬು ತೆಗೆದು ಬಲಗಡೆ ಕೆಳಗೆ ಆರೂವರೆ ಅಗಲ ಏಳೂವರೆ ಎತ್ತರದ ಮೇಲು ಜೇಬು, ಎರಡೂಕಾಲು ಇಂಚಿನ ಮುಚ್ಚಳ, ಒಂದು ಗುಂಡಿ. ಮುಂಗೈಗೆ ಎರಡು ಗುಂಡಿ ಜಾಗ, ಕೆಲಸದಲ್ಲಿ ಬಿಗಿ, ಊಟಕ್ಕೆ ಕೂತಾಗ ಸಡಿಲ. ಹಳೇ ಡಬಲ್ ಎಕ್ಸೆಲ್ ಶರ್ಟನ್ನೇ ಬಿಚ್ಚಿ ಮತ್ತೆ ಕತ್ತರಿಸಿದರೆ ಹೊಸ ಬಟ್ಟೆ ಬೇಕಾಗಲ್ಲ, ನಿಮ್ಮ ಐದು ಮೀಟರ್ ಉಳಿದ ಎರಡು ಉಡುಪಿಗೇ ಆಯ್ತು.

ಜೇಬಿನ ಚರಿತ್ರೆಗೂ ದೂರ ಹೋಗಬೇಕಾಗಿಲ್ಲ. ನಮ್ಮ ಅಜ್ಜಿಯರ ಸೊಂಟದ ಎಲೆಅಡಿಕೆ ಸಂಚಿ ಏನು? ಬಿಡಿ ಅರೆಗಳು, ಎಳೆದರೆ ಮುಚ್ಚೋ ದಾರ. ಯುರೋಪಿನಲ್ಲೂ 18ನೇ ಶತಮಾನದ ತನಕ ಹೆಂಗಸರು ಲಂಗದೊಳಗೆ ಸೊಂಟಕ್ಕೆ ಇಂಥದೇ ಚೀಲ ಕಟ್ಕೋತಿದ್ದರು. ಆಮೇಲೆ ಮೈಗಂಟೋ ತೆಳು ಉಡುಪು ಬಂದು ಚೀಲ ಹೋಯ್ತು, ಕೈಗೊಂದು ಪರ್ಸು ಬಂತು, ಕೈಯೊಂದು ಬಂಧಿಯಾಯ್ತು. ಸೀರೆಯವರಿಗೆ ಒಳಲಂಗಕ್ಕೆ ಜಿಪ್ ಜೇಬು ಹೊಲಿದುಕೊಡ್ತಾರೆ, ಅದು ದುಡ್ಡು ಒಡವೆಗೆ ಸರಿ, ಬಸ್ಸಿನಲ್ಲಿ ಕೈಗೆ ಸಿಗೋ ಜೇಬಲ್ಲ. ಅವರಿಗೆ ಸಂಚಿಯನ್ನೇ ಐದು ಇಂಚು ಅಗಲ ಏಳು ಇಂಚು ಎತ್ತರ ಮಾಡಿ, ಹಿಂದೆ ಅಗಲವಾದ ಪಟ್ಟಿ ಕೊಟ್ಟು ಸೊಂಟಕ್ಕೆ ಸಿಕ್ಕಿಸೋ ಹಾಗೆ ಹೊಲಿಯಿರಿ.

ಮಂಡ್ಯಕತ್ತರಿ

ಮೂರನೇದು ಕಬ್ಬಿನ ಶರ್ಟೇ ಖಾಯಂ. ಬ್ಲೌಸಿನ ಬಗ್ಗೆ ಒಂದು: ಈಗ ಎಲ್ಲರೂ ಬೆನ್ನಿಗೆ ಹುಕ್ಕು ಕೇಳ್ತಾರೆ. ಪಕ್ಕಕ್ಕೆ ಜಿಪ್ಪು ಹಾಕಿಸಲಾ?

ಉತ್ತರ: ಶಿವರಾಂಪೇಟೆ ಕಟಿಂಗ್

ಬೇಡ. ಸೈಡ್ ಜಿಪ್ಪಿನ ಬ್ಲೌಸು ತಲೆ ಮೇಲಿಂದ ಹಾಕಬೇಕು, ಬಿಗಿ ತೋಳು ಇದ್ದರೆ ಅರ್ಧಕ್ಕೆ ಸಿಕ್ಕಿಕೊಂಡು ಒದ್ದಾಡ್ತಾರೆ. ಬ್ಲೌಸಿನ ಕತ್ತಿನ ಸುತ್ತಳತೆ 23 ಇಂಚಾದರೂ ಇದ್ದು, ತೋಳು ಸಡಿಲ ಇದ್ದವರಿಗೆ ಮಾತ್ರ ಆಗುತ್ತೆ. ಸೈಡ್ ಜಿಪ್ಪು ಡ್ರೆಸ್ಸಿಗೆ, ಸ್ಕರ್ಟಿಗೆ ಸರಿ.

ಬ್ಲೌಸಿಗೆ ಮುಂದಿನ ಹುಕ್ಕೇ ಸರಿ. ವಯಸ್ಸಾದವರು, ಭುಜ ನೋವಿನವರು ಬೆನ್ನಿಗೆ ಕೈ ತಿರುಗಿಸಲಾರರು. ಮುಂದಿನ ಹುಕ್ಕು ಬೇಡ ಅನ್ನೋದಕ್ಕೆ ಫ್ಯಾಷನ್ ಅಷ್ಟೇ ಕಾರಣ ಅಲ್ಲ, ಎದೆ ಹತ್ತಿರ ಸಂದಿ ಬಿಡೋದೂ ಕಾರಣ, ಅದು ಹೊಲಿಯೋರ ತಪ್ಪು. ಮೇಲಿಂದ ಸಮ ಅಂತರಕ್ಕೆ ಗುರುತು ಹಾಕ್ತಾ ಬರ್ತಾರೆ, ಎದೆಯ ತುಂಬು ಗೆರೆ ಎರಡು ಹುಕ್ಕಿನ ನಡುವೆ ಬೀಳುತ್ತೆ. ಮೊದಲ ಹುಕ್ಕು ಆ ಗೆರೆ ಮೇಲೇ ಇಡಿ, ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಒಂದೂವರೆ ಇಂಚಿಗೊಂದು. ಒಳಪಟ್ಟಿ ಒಂದಿಂಚು ಹೊರಗೆ ಚಾಚಿರಲಿ. ಪಟ್ಟಿಗೆ ಕ್ಯಾನ್ವಾಸ್ ಹಾಕುವಾಗ ಇಸ್ತ್ರಿ ಎಳೀಬೇಡಿ, ಎತ್ತಿ ಎತ್ತಿ ಒತ್ತಿ. ಎಳೆದರೆ ಪಟ್ಟಿ ಉದ್ದವಾಗಿ ಎಡ ಬಲ ಹುಕ್ಕು ಕಣ್ಣು ಕೂಡಲ್ಲ, ಆಮೇಲೆ ಕೆಳಗಿನ ಹುಕ್ಕೊಂದನ್ನ ಕಿತ್ತು ಮತ್ತೆ ಹೊಲೀತಾ ಕೂರಬೇಕು.